ಅಪ್ಪನ ಪಿಕಪ್ಪಿಗೆ ಎಲ್ಲಿಂದ ಕೈ ಹಚ್ಚುವುದು

ಕೂಡ್ಲಿಗಿಯ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಅಪ್ಪನ ಹಳೆಯ ಪಿಕಪ್ ಗಾಡಿ ಎಷ್ಟೋ ವರ್ಷದಿಂದ ಕೆಟ್ಟು ನಿಂತಿದೆ. ಮುಂದೆ ಜೀಪಿನ ಮುಖ, ಹಿಂದೆ ಸಾಮಾನು ಹೇರುವ ತೊಟ್ಟಿ. ಹಡಗಲಿಯ ಮಲ್ಲಿಗೆ, ಹರಪನಹಳ್ಳಿಗೆ ಹೋಗುವ ಮೆಕ್ಕೆಜೋಳ, ಯಾರದೋ ಮದುವೆಯ ಪಾತ್ರೆ, ಒಮ್ಮೆ ಒಂದು ಮುನಿಸಿಕೊಂಡ ಎಮ್ಮೆ, ಎಲ್ಲವನ್ನೂ ಹೊತ್ತ ಗಾಡಿ. ಅದರ ಬಾಡಿಗೆಯಲ್ಲೇ ನಾನು ಓದಿ ಸರ್ಕಾರಿ ಗುಮಾಸ್ತನಾದೆ. ಆದರೆ ಅಪ್ಪ ನನ್ನನ್ನು ಎಂದೂ ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. “ಇದನ್ನ ಕಲತ್ರ ನೀ ಪುಸ್ತಕ ಮುಚ್ಚತೀ” ಎನ್ನುತ್ತಿದ್ದ. ಹಾಗಾಗಿ ಇವತ್ತಿಗೂ ನನಗೆ ಬರುವುದು ಗೇರಿಲ್ಲದ ಸ್ಕೂಟರ್ ಮಾತ್ರ.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಎಡಗಾಲು ಸೋತಿತು. ದಿನಾ ಕೋಲು ಹಿಡಿದು ಹಿತ್ತಲಿಗೆ ಬಂದು, ಗಾಡಿಯ ಎದುರಿನ ಕಲ್ಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಮತ್ತೆ ಓಡಿಸುವ ಆಸೆಯೇ ಇರಬೇಕೆಂದು ನಾನು ತಿಳಿದೆ. ಒಂದು ದಿನ ಊಟದ ಹೊತ್ತಿಗೆ ಘೋಷಿಸಿಯೇಬಿಟ್ಟೆ: ಗಾಡಿಯನ್ನು ಮೊದಲಿನಂತೆ ಮಾಡಿಸುತ್ತೇನೆ, ಅಪ್ಪ ಅದನ್ನು ಇನ್ನೊಂದು ಸಲ ಓಡಿಸಬೇಕು. ಹೆಂಡತಿ ನನ್ನ ಮುಖ ನೋಡಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಮಜ್ಜಿಗೆ ಕುಡಿದು ಕೈತೊಳೆದ. ಆಕ್ಷೇಪಣೆ ಬಾರದಿದ್ದರೆ ಅದು ಒಪ್ಪಿಗೆ ಎಂದು ನಮ್ಮ ಕಚೇರಿಯಲ್ಲಿ ರೂಢಿ.

ಇನ್ನು ಎಲ್ಲಿಂದ ಶುರು ಮಾಡುವುದು? ಇಲ್ಲಿ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಕೆಲಸ ಮಾಡುವುದಕ್ಕಿಂತ ಅದರ ಬಗ್ಗೆ ಅಭಿಪ್ರಾಯ ಕೇಳುವುದು ನನಗೆ ಮೊದಲಿನಿಂದಲೂ ಸಲೀಸು. ಹರಪನಹಳ್ಳಿಯ ಗ್ಯಾರೇಜಿನವರು, “ಇಂಜಿನ್ ಇಳಸ್ರಿ ಮೊದ್ಲು. ಜೀವ ಐತೋ ಇಲ್ಲೋ ನೋಡಬೇಕಲ್ಲ” ಎಂದರು. ಗಾಡಿಯ ತಗಡು ಬಡಿದು ಸರಿಮಾಡುವ ಕೊಟ್ಟೂರಿನ ಟಿಂಕರ್ ನಕ್ಕ. “ಬಾಡಿ ಗಟ್ಟಿ ಇಲ್ದ ಇಂಜಿನ್ ಎಲ್ಲಿ ಕುಂದ್ರಸ್ತೀರಿ ಸರ್” ಎಂದ. ಸೈಕಲ್ಲೂ ಇಲ್ಲದ ನನ್ನ ಸಹೋದ್ಯೋಗಿಯೊಬ್ಬರು ಮೊದಲು ಬ್ರೇಕ್ ನೋಡಿಸಬೇಕೆಂದು ಅರ್ಧ ಗಂಟೆ ವಿವರಿಸಿದರು. ನಾನು ಎಲ್ಲರಿಗೂ ತಲೆಯಾಡಿಸಿ ಬಂದೆ. ಪ್ರತಿ ಸಂಜೆ ಕೈ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ತಿರುಗುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಬಲಗಡೆಯ ಕನ್ನಡಿ ಬಿಚ್ಚಿದೆ. ಮರುದಿನ ಅದನ್ನೇ ತಿರುಗಿ ಕೂರಿಸಿದೆ. ಹೀಗೆ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು.

ಕೊನೆಗೆ ನಾನು ಬಣ್ಣದಿಂದ ಶುರು ಮಾಡಿದೆ. ನಗಬೇಡಿ. ಕರೆದ ತಕ್ಷಣ ಬಂದವನು ಪೇಂಟರ್ ಒಬ್ಬನೇ, ಮತ್ತೆ ಕೆಲಸ ನಡೆದಿದೆ ಎಂದು ನಾಲ್ಕು ಜನಕ್ಕೆ ಕಾಣುವುದೂ ಬಣ್ಣದಿಂದಲೇ. ಹಸಿರು ಬಣ್ಣ, ಅಂಚಿಗೆ ಹಳದಿ ಪಟ್ಟಿ. ಓಣಿಯವರು ಬಂದು ನೋಡಿದರು. ಫೋಟೊ ತೆಗೆಸಿಕೊಳ್ಳಲೆಂದು ನಾನು ಡ್ರೈವರ್ ಕಡೆ ಹತ್ತಿ ಗತ್ತಿನಿಂದ ಕಾಲೂರಿದೆ. ಕಾಲು ಗಾಡಿಯ ತಳ ಹಾದು ನೇರ ನಮ್ಮ ಹಿತ್ತಲಿನ ಮಣ್ಣಿಗೇ ಮುಟ್ಟಿತು.

ಬಗ್ಗಿ ನೋಡಿದರೆ ತಳವೆಲ್ಲ ತುಕ್ಕು ಹಿಡಿದು ಹಪ್ಪಳ. ಇದರ ಕಾರಣ ನಮ್ಮ ಮನೆಯವರಿಗಷ್ಟೇ ಹೊಳೆಯುವಂಥದ್ದು. ಗಾಡಿ ನಿಂತ ಮೇಲೂ ನಾನು ಒಂದು ಆಯುಧ ಪೂಜೆಯನ್ನೂ ತಪ್ಪಿಸಿದವನಲ್ಲ. ಓಡದ ಗಾಡಿಗೆ ಓಡುವ ಗಾಡಿಗಿಂತ ಹೆಚ್ಚು ಮರ್ಯಾದೆ ಆಗಬೇಕೆಂದು ಕೊಡಗಟ್ಟಲೆ ನೀರು ಸುರಿದು ಒಳಗೂ ಹೊರಗೂ ತೊಳೆಯುತ್ತಿದ್ದೆ. ಬಂಪರಿಗೆ ಬಾಳೆಕಂಬ, ಚೆಂಡು ಹೂವಿನ ಹಾರ, ಎಂದೂ ಉರುಳದ ಗಾಲಿಯ ಕೆಳಗೆ ನಿಂಬೆಹಣ್ಣು. ಒಳಗೆ ಹೋದ ನೀರು ಹೊರಬರಲು ದಾರಿಯಿಲ್ಲದೆ, ಮ್ಯಾಟಿನ ಅಡಿಯಲ್ಲೇ ನಿಂತು ಕಬ್ಬಿಣವನ್ನು ತಿಂದಿತ್ತು.

“ಪೂಜಿ ಮಾಡಿ ಮಾಡೇ ಗಾಡಿ ಕರಗಿಸೀರಿ” ಎಂದಳು ಹೆಂಡತಿ, ತಗಡು ಗೀರಿದ ನನ್ನ ಕಾಲಿಗೆ ಅರಿಶಿನ ಒತ್ತುತ್ತ. ತಳಕ್ಕೆ ವೆಲ್ಡಿಂಗ್ ಮಾಡಿಸಿದರೆ ಹೊಸ ಬಣ್ಣ ಸುಡುತ್ತದೆ ಎಂದು ಟಿಂಕರ್ ಫೋನಿನಲ್ಲಿ ಹೇಳಿದ. ಅವನು ನಗುವುದು ಇಲ್ಲಿಗೇ ಕೇಳಿಸಿತು.

ಅವತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು. ತಳ ಹೋದದ್ದಕ್ಕಲ್ಲ. ಎರಡು ತಾಲೂಕು ಸುತ್ತಿ ಎಲ್ಲರನ್ನೂ ಕೇಳಿದ್ದ ನಾನು, ಗಾಡಿಯ ಯಜಮಾನನನ್ನು ಒಂದು ಮಾತೂ ಕೇಳಿರಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಅಪ್ಪನ ಹತ್ತಿರ ಹೋದೆ.

“ಎಲ್ಲಿಂದ ಕೈ ಹಚ್ಚಬೇಕಪ್ಪ?”

“ಸೀಟಿಂದ” ಎಂದ, ಉತ್ತರ ಬಹಳ ದಿನದಿಂದ ಸಿದ್ಧವಿದ್ದವನಂತೆ. “ಕ್ಲೀನರ್ ಕಡಿ ಸೀಟು.”

ಅಪ್ಪ ಆ ಎಡಗಡೆಯ ಸೀಟಿನಲ್ಲಿ ಎಂದೂ ಕೂತವನಲ್ಲ. ಕೇಳಿಸಿಕೊಂಡದ್ದು ತಪ್ಪಿರಬೇಕೆಂದು, “ಡ್ರೈವರ್ ಸೀಟೇನು?” ಎಂದೆ.

“ಕ್ಲಚ್ ಯಾ ಕಾಲಿಂದ ತುಳೀತಾರ ಹೇಳು.”

ನನಗೆ ಗೊತ್ತಿತ್ತು. ಎಡಗಾಲಿಂದ ಎನ್ನುವುದು ಯಾರಿಗೆ ಗೊತ್ತಿಲ್ಲ? ಅಪ್ಪನ ಎಡಗಾಲು ಹೋಗಿದೆ ಎನ್ನುವುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಒಂದು ವರ್ಷವಾದರೂ ಬಂದಿರಲಿಲ್ಲ. ಹೆಂಡತಿಗೆ ಅವತ್ತೇ, ಊಟದ ಹೊತ್ತಿನಲ್ಲೇ ತಿಳಿದಿತ್ತು. ಅಪ್ಪನಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು. ನನಗೆ ಬಹಳ ಸಂಕಟವಾಯಿತು.

ಕೊಟ್ಟೂರಿನಿಂದ ಕುಶನ್ ಕೆಲಸದವನನ್ನು ಕರೆಸಿ ಎಡಗಡೆಯ ಸೀಟು ಹೊಲಿಸಿದೆ. ತೂತಾದ ತಳಕ್ಕೆ ಹಲಗೆ ಹಾಸಿದೆ. ಭಾನುವಾರ ಬೆಳಿಗ್ಗೆ ಅಪ್ಪ ಶರ್ಟು ಹಾಕಿಕೊಂಡು ಬಂದು, ನನ್ನ ಹೆಗಲು ಹಿಡಿದು ಹತ್ತಿ, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ಇಟ್ಟುಕೊಂಡ. ಸೀಟನ್ನು ತಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ನಿಂತು ಏನ್ ನೋಡ್ತೀ? ಆ ಕಡಿಂದ ಹತ್ತು” ಎಂದ.

ಹತ್ತಿದೆ. ಹರಿದ ಸೀಟಿನ ಸ್ಪ್ರಿಂಗು ಚುಚ್ಚುತ್ತಿತ್ತು. ಜೀವನದಲ್ಲಿ ಮೊದಲ ಸಲ ಅಪ್ಪನ ಸ್ಟೇರಿಂಗ್ ಹಿಡಿದೆ.

“ಕ್ಲಚ್ ತುಳಿ.”

“ಇಂಜಿನ್ ಸತ್ತು ಕುಂತೈತಲ್ಲಪ್ಪ.”

“ಅದು ಏಳೋತನಕ ಕಾಯ್ಕಂತ ಕುಂತ್ರ, ನಿನಗ ಕಲಿಸಾಕ ನಾ ಇರಬೇಕಲ್ಲ. ತುಳಿ.”

ತುಳಿದೆ. ಅಪ್ಪ ಬಲಗೈ ಚಾಚಿ ಗೇರ್ ಹಾಕಿದ. “ಈಗ ಹಗೂರಕ ಬಿಡು” ಎಂದ. ನಾನು ಥಟ್ಟನೆ ಬಿಟ್ಟುಬಿಟ್ಟೆ.

“ಬಂದ್ ಬಿತ್ತು ನೋಡು ಗಾಡಿ” ಎಂದ ಅಪ್ಪ. “ಮತ್ತ ತುಳಿ.”