ಮುಷ್ಟಿಯೊಳಗಿನ ಉಂಗುರಗಳು

ರಾಂಚೊ ಬರ್ನಾರ್ಡೊದ ಹಿರಿಯರ ಕೇಂದ್ರದಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದೆವು, ನಾನು ಮತ್ತು ತಂಗಿ ವನಜಾ. ಪಿಯಾನೋ ಮುಂದೆ ಅವಳ ಪಕ್ಕದ ಮನೆಯ ಲೊರೇನ್. ತೊಂಬತ್ತು ದಾಟಿದ ಇವರು ಒಂದು ಕಾಲಕ್ಕೆ ಲಾಸ್ ಏಂಜಲೀಸ್‌ನ ಜಾಝ್ ಕ್ಲಬ್ಬುಗಳಲ್ಲಿ ತಾವೇ ಹಾಡು ಕಟ್ಟಿ, ತಾವೇ ನುಡಿಸಿ, ಹಾಡಿ ಬದುಕಿದವರು. ಕೂರುವ ಮೊದಲು ಬೆರಳಿನ ಉಂಗುರಗಳನ್ನೆಲ್ಲ ಬಿಚ್ಚಿ ನನ್ನ ಅಂಗೈಗೆ ಸುರಿದರು. ನನಗೆ ಗಾಬರಿ.

“ನನ್ ಕೈಗ್ಯಾಕೆ ಕೊಟ್ರು, ವನಜಾ?”

“ಕ್ಲಬ್ಬಲ್ಲಿ ಹಾಡ್ತಿದ್ದಾಗ್ಲಿಂದ್ಲೂ ಹಾಗೇ, ಅಕ್ಕ. ಮುಂದೆ ಕೂತ ಹೆಂಗಸ್ರ ಕೈಗೆ ಕೊಡೋದು, ಹಾಡು ಮುಗಿದ್ಮೇಲೆ ಇಸ್ಕೊಳ್ಳೋದು. ಬೀಳಿಸ್ಬೇಡ ಮತ್ತೆ. ಹೋದ್ಸಲ ಎರಡನೇ ಚರಣ ಮರ್ತು ಅರ್ಧಕ್ಕೇ ಎದ್ಬಿಟ್ರು. ಇವತ್ತೂ ಹಾಗಾದ್ರೆ ಇನ್ನು ಪಿಯಾನೋ ಮುಟ್ಟಲ್ಲ ಅಂದಿದಾರೆ.”

ಅವರದೇ ಹಾಡು. ಮೊದಲ ಚರಣ ಸಲೀಸಾಗಿ ಸಾಗಿತು. ಆಮೇಲೆ ದನಿ ನಿಂತಿತು. ಬೆರಳುಗಳು ಮಾತ್ರ ಅವೇ ಸ್ವರಗಳ ಸುತ್ತ ತಿರುಗುತ್ತಿದ್ದವು. ಅದೂ ಹಾಡಿನ ಭಾಗವೆಂದುಕೊಂಡು ಜನ ತಲೆದೂಗುತ್ತಿದ್ದರು. ವನಜಾ ನನ್ನ ಮೊಣಕೈ ಹಿಡಿದಳು. ಬೆವೆತ ಮುಷ್ಟಿಯಲ್ಲಿ ಉಂಗುರಗಳು ಚುಚ್ಚತೊಡಗಿದವು.

ಬಲಗೈ ನುಡಿಸುತ್ತಿದ್ದಂತೆಯೇ ಲೊರೇನ್ ಎಡಗೈಯನ್ನು ನನ್ನತ್ತ ಚಾಚಿದರು. ಕೊಟ್ಟರೆ ಹಾಡು ಮುಗಿದಂತೆಯೇ. ನಾನು ಮುಷ್ಟಿಯನ್ನು ಸೆರಗಿನೊಳಗೆ ಅಡಗಿಸಿ, ಇಲ್ಲವೆಂದು ತಲೆಯಲ್ಲಾಡಿಸಿದೆ.

ಅವರು ನನ್ನನ್ನೇ ದಿಟ್ಟಿಸಿದರು. ತುಟಿಯಂಚಿನಲ್ಲಿ ಸಣ್ಣ ನಗು ಮೂಡಿತು. ಎಡಗೈ ಪಿಯಾನೋಗೆ ಮರಳಿತು, ಹಾಡು ಮೊದಲಿನಿಂದ ಶುರುವಾಯಿತು. ಎರಡನೇ ಚರಣ ಹತ್ತಿರವಾದಂತೆ ನಾನು ಕಣ್ಣು ಮುಚ್ಚಿಕೊಂಡೆ. ಪದಗಳು ಒಂದೊಂದಾಗಿ ಬಂದವು.

ಚಪ್ಪಾಳೆ ನಿಂತ ಮೇಲೂ ನನ್ನ ಮುಷ್ಟಿ ಬಿಚ್ಚಿರಲಿಲ್ಲ. ಲೊರೇನ್ ಬಂದು ಒಂದೊಂದೇ ಬೆರಳು ಬಿಡಿಸಿ ಉಂಗುರಗಳನ್ನು ತೆಗೆದುಕೊಂಡರು.