ಐವತ್ತರ ಲೆನ್ಸು, ಕಾಕಾರ ದನಿ

ಸ್ಟುಡಿಯೋ ಕಾಕಾರ ಮುಖದ ಎಡಭಾಗಕ್ಕೆ ಬಲಭಾಗಕ್ಕಿಂತ ಹತ್ತು ವರ್ಷ ವಯಸ್ಸು ಹೆಚ್ಚು. ಜೀವಮಾನವಿಡೀ ಕ್ಯಾಮೆರಾದ ಹಿಂದೆ ಎಡಗಣ್ಣು ಮುಚ್ಚಿ ಮುಚ್ಚಿ, ಆ ಕಡೆಯ ಕೆನ್ನೆ ಕುಂಟೆ ಹೊಡೆದ ಹೊಲದಂತಾಗಿತ್ತು. ಗೋಳಗುಮ್ಮಟದ ಹತ್ತಿರದ ಅವರ ಸ್ಟುಡಿಯೋಕ್ಕೆ ಕಲಿಯಲು ಸೇರಿದ ಮೊದಲ ವಾರದಲ್ಲೇ ನಾನು ಆ ಮುಖ ಕಲಿತುಬಿಟ್ಟೆ. ದನಿಯನ್ನೂ. ಗಿರಾಕಿ ಸ್ಟೂಲಿನ ಮೇಲೆ ಕಟ್ಟಿಗೆಯಂತೆ ಕೂತರೆ ಅವರು ಎದೆಯಾಳದಿಂದ, "ಗದ್ದಾ ಸ್ವಲ್ಪ ಇಳಸ್ರಿ... ಉಸರು ಬಿಡ್ರಿ... ಆತು," ಅನ್ನುತ್ತಿದ್ದರು. ಮುಗಿಯಿತೆಂದು ಗಿರಾಕಿಯ ಮುಖ ಸಡಿಲಾಗುತ್ತಿತ್ತು. ಅವರು ಬಟನ್ ಒತ್ತುತ್ತಿದ್ದದ್ದೇ ಆಗ.

ಅವರು ಚಹಾಕ್ಕೆ ಹೋದರೆ ಸಾಕು, ನಾನು ಅದನ್ನೇ ಅಣಕಿಸಿ ಬಂದವರನ್ನು ನಗಿಸುತ್ತಿದ್ದೆ. ನಮ್ಮೂರು ತಿಕೋಟಾದಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ನಮ್ಮಪ್ಪನ ಕೆಮ್ಮನ್ನೂ ಬಿಟ್ಟವನಲ್ಲ.

ನನಗೆ ಉದ್ದನೆಯ ಝೂಮ್ ಲೆನ್ಸ್ ಬೇಕಿತ್ತು. ಯಾವುದು ಕೊಳ್ಳಲಿ ಎಂದು ಕೇಳಿದ್ದಕ್ಕೆ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಲಿಕ್-ಎ-ಮೈದಾನ್ ತೋಪು ಹೆಗಲ ಮ್ಯಾಲೆ ಹೊತ್ಕೊಂಡು ಮದುವಿಗೆ ಹೊಂಟೀಯೇನಲೇ?" ಅಂದು, ಕೈಗೆ ಐವತ್ತು ಎಂ.ಎಂ.ನ ಗಿಡ್ಡ ಲೆನ್ಸ್ ಇಟ್ಟರು. ಅದರಲ್ಲಿ ತಿರುಗಿಸಿ ಹತ್ತಿರ ಎಳೆದುಕೊಳ್ಳುವ ಅನುಕೂಲವಿಲ್ಲ. ಮುಖ ದೊಡ್ಡದಾಗಬೇಕಾದರೆ ನಾವೇ ನಡೆದು ಹೋಗಬೇಕು. ನನ್ನಿಂದ ಆಗದ ಕೆಲಸ ಅದೊಂದೇ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಬಾಯಿಗೆ ಜೋಕು ಬರುತ್ತಿತ್ತು. ಕಾಕಾ ಅದನ್ನು ಕಂಡುಹಿಡಿದಿದ್ದರು.

"ನೀ ದೂರ ನಿಂತು ಮಂದೀನ ಅಣಕಸಾಂವ. ದೊಡ್ಡ ಲೆನ್ಸ್ ಕೊಟ್ರ ಇನ್ನಷ್ಟು ದೂರ ಹೊಕ್ಕೀ. ಮೊದ್ಲ ಎಲ್ಲಿ ನಿಂದರಬೇಕು ಕಲಿ."

ಹೋದ ವರ್ಷ ಅವರ ಗಂಟಲಿಗೆ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಫೋಟೊ ತೆಗೆಯುವವರಿಗೆ ಕಣ್ಣು, ಕೈ ಇದ್ದರೆ ಸಾಕಲ್ಲ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ಆ ದನಿಯಿಲ್ಲದಿದ್ದರೆ ಕಟ್ಟಿಗೆ ಕಟ್ಟಿಗೆಯಾಗಿಯೇ ಉಳಿಯುತ್ತದೆಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಆಪರೇಷನ್ನಿನ ಹಿಂದಿನ ದಿನ ಕಾಕಾ ಸ್ಟುಡಿಯೋದ ಬಾಗಿಲು ಹಾಕಿ, ಗಿರಾಕಿಯ ಸ್ಟೂಲಿನ ಮೇಲೆ ತಾವೇ ಕೂತರು.

"ಇಷ್ಟ ದಿನಾ ನನ್ನ ಹಿಂದ ಮಾಡಿದಿ. ಈಗ ಮುಂದ ಮಾಡು."

ಮಾಡಿದೆ. ತಿದ್ದಿದರು. ನನ್ನ 'ಆತು' ಮಾತ್ರ ಅವಸರದ್ದು. ಅದು ತಲೆ ಮೇಲಿನ ಭಾರ ಇಳಿಸಿದಂತೆ ಬರಬೇಕೆಂದು, ಒಡೆದ ಗಂಟಲಲ್ಲಿ ಸಂಜೆಯವರೆಗೂ ಅಂದು ಅಂದು ತೋರಿಸಿದರು. ಜೇಬಿನಲ್ಲಿ ಫೋನಿತ್ತು. ಒಮ್ಮೆ ಒತ್ತಿದ್ದರೆ ಆ ದನಿ ಉಳಿಯುತ್ತಿತ್ತು. ಊರ ಮಂದಿಯ ಮುಖಗಳೆಲ್ಲ ತುಂಬಿದ ಆ ಅಂಗಡಿಯಲ್ಲಿ ದನಿ ಒಂದೂ ಇರಲಿಲ್ಲ. ನನಗೋ ನನ್ನ ಗಂಟಲಿನ ಮೇಲೆ ಅಷ್ಟು ಸೊಕ್ಕು, ಹೊಳೆಯಲೇ ಇಲ್ಲ.

ಆಪರೇಷನ್ನಾಗಿ ಚೇತರಿಸಿಕೊಂಡ ಮೇಲೆ ಬಬಲೇಶ್ವರದಲ್ಲಿ ಒಂದು ಮದುವೆ ನಿಶ್ಚಯಕ್ಕೆ ಹೋದೆವು. ಕಾಕಾ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಕ್ಯಾಮೆರಾ ಹಿಡಿದರು. ಮೊಣಕೈಯಿಂದ ತಿವಿದಾಗ ನಾನು ಮಾತಾಡಬೇಕು. ಹುಡುಗಿಯ ಅಜ್ಜಿ ನಮ್ಮಿಬ್ಬರನ್ನೂ ನೋಡಿ, "ಯಾರ ಕಡೆ ನೋಡ್ಲೆಪಾ? ಮಾತಾಡಾಂವ ಒಬ್ಬ, ತಗ್ಯಾಂವ ಒಬ್ಬ," ಅಂದಳು. ಕಾಕಾ ನಕ್ಕರು. ಸದ್ದಿಲ್ಲ, ಎಡಗೆನ್ನೆ ಮಾತ್ರ ಮುದುಡಿತು. ಅವರ ಪಕ್ಕ ನಿಂತಿದ್ದರಿಂದ ನಾನೂ ಜನರ ಹತ್ತಿರವೇ ನಿಂತಿದ್ದೆ. ಜೋಕು ಬರಲಿಲ್ಲ.

ಗಡ್ಡೆ ಮತ್ತೆ ಬಂತು. ಈ ಬೇಸಿಗೆಯಲ್ಲಿ ಕಾಕಾ ಹೋದರು.

ಈಗ ಅವರ ಹೆಂಡತಿ, ನಮ್ಮ ಕಾಕು, ವಾರಕ್ಕೊಮ್ಮೆ ಬಂದು ಆ ಸ್ಟೂಲಿನ ಮೇಲೆ ಕೂರುತ್ತಾರೆ. ಫೋಟೊ ಬೇಡ ಅವರಿಗೆ. ಒಮ್ಮೆ ಅವರಂಗ ಅನ್ನಪಾ ಎಂದು ಕಣ್ಣು ಮುಚ್ಚುತ್ತಾರೆ. ಅನ್ನುತ್ತೇನೆ. ಪ್ರತಿ ಸಲವೂ ಅದರಲ್ಲಿ ಕಾಕಾ ಒಂದಿಷ್ಟು ಕಡಿಮೆ, ನಾನು ಒಂದಿಷ್ಟು ಹೆಚ್ಚು. ತಿಕೋಟಾದ ಬಸ್ಸಿನಲ್ಲಿ ಬಾಯಿಗೆ ಕರವಸ್ತ್ರ ಹಿಡಿದು ಹುಚ್ಚನಂತೆ ಉರು ಹೊಡೆಯುತ್ತೇನೆ. ಹೋಲಿಸಿ ನೋಡಲು ಅಸಲು ಎಲ್ಲೂ ಇಲ್ಲ.

ಹೋದ ವಾರ ಕಾಕು ಕಣ್ಣು ತೆರೆದು ನನ್ನನ್ನೇ ನೋಡಿದರು.

"ಇದರಾಗ ಅವರಿಲ್ಲಪಾ ಈಗ. ಬರೇ ನೀ ಅದಿ."

ಅವರೇ ಸೆರಗು ಸರಿಮಾಡಿಕೊಂಡು, ಹಂಗಾರ ಫೋಟೋನರ ತಗಿ ಅಂದರು. ಐವತ್ತರ ಲೆನ್ಸ್ ಹಾಕಿ ನಾಲ್ಕು ಹೆಜ್ಜೆ ಹತ್ತಿರ ಹೋದೆ. ಗದ್ದ ಇಳಿಸಲು ಹೇಳಿದೆ, ನನ್ನದೇ ದನಿಯಲ್ಲಿ. ಇಳಿಸಿದರು. ಕೊನೆಯ ಆ 'ಆತು' ಅನ್ನಲು ಬಾಯಿ ತೆರೆದೆ, ಬರಲಿಲ್ಲ. ಕಾಕು ಉಸಿರು ಹಿಡಿದು ಕಾಯುತ್ತಲೇ ಇದ್ದರು.