ತೊಳೆದ ಡಬ್ಬಿ

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ನಾನು ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೆ, ತಂಗಿ ದಾರದ ತುದಿ ಕತ್ತರಿಸುತ್ತಿದ್ದಳು. ಡಿ. ಹಿರೇಹಾಳ್ ಕಡೆಯಿಂದ ಬಂದು ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಸಂಜೆ ಮೂಗು ಒರೆಸಿಕೊಂಡರೆ ಸೆರಗು ನೀಲಿಯಾಗುತ್ತಿತ್ತು. ಹಾಗಾಗಿ ಅವಳ ಕೆಮ್ಮಿಗೆ ಬಟ್ಟೆಯ ದೂಳೇ ಕಾರಣ ಎಂದುಕೊಂಡು ಬಹಳ ದಿನ ಸುಮ್ಮನಿದ್ದೆವು. ಕ್ಷಯ ಎಂದು ಗೊತ್ತಾದ ಮೇಲೆ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು.

ನನಗೋ ಮೂಗಿನ ತುದಿಯಲ್ಲೇ ಕೋಪ. ನಾಲ್ಕು ತಿಂಗಳಾದರೂ ಕೆಮ್ಮು ನಿಲ್ಲದಿದ್ದಾಗ, ಇವಳು ಮಾತ್ರೆ ಉಗುಳುತ್ತಿದ್ದಾಳೆ ಎಂದೇ ತೀರ್ಮಾನಿಸಿದೆ. ದಿನಾ ಬೆಳಿಗ್ಗೆ ಎದುರಿಗೆ ಕೂರಿಸಿಕೊಂಡು ನುಂಗಿಸಿ, "ಬಾಯಿ ತೆಗಿ, ನಾಲಿಗಿ ಎತ್ತು" ಎನ್ನುತ್ತಿದ್ದೆ.

"ಒಂದೂ ಬಿಟ್ಟಿಲ್ಲಕ್ಕಾ."

"ಮತ್ತ ಯಾಕ ಹೋಗವಲ್ದು ಕೆಮ್ಮು? ಸುಳ್ಳಿ!"

ಅವಳು ಕಣ್ಣಲ್ಲಿ ನೀರು ತುಂಬಿಕೊಂಡೇ ನಾಲಿಗೆ ಎತ್ತಿ ತೋರಿಸುತ್ತಿದ್ದಳು.

ಆಸ್ಪತ್ರೆಯ ಲ್ಯಾಬಿನ ಮೇಡಂ ಬೇರೆಯೇ ಮಾತು ಹೇಳಿದರು. ಕೆಲವು ಕ್ಷಯದ ಕ್ರಿಮಿಗಳು ಈ ಮಾತ್ರೆಗೆ ಬಗ್ಗುವುದಿಲ್ಲವಂತೆ. ಅದನ್ನು ಪತ್ತೆ ಹಚ್ಚುವ ಯಂತ್ರ ಆಗ ಇಲ್ಲಿರಲಿಲ್ಲ. ಕಫವನ್ನು ಅನಂತಪುರಕ್ಕೆ ಕಳಿಸಬೇಕು ಎಂದು ಒಂದು ಡಬ್ಬಿ ಕೊಟ್ಟರು.

ಮಾರನೆಯ ಬೆಳಿಗ್ಗೆ ತಂಗಿ ಕೆಮ್ಮಿದಾಗ ಡಬ್ಬಿಗೆ ಬಿದ್ದದ್ದು ನೀಲಿ ಎಳೆ ಸೇರಿದ ಗಟ್ಟಿ ಕಫ. ನನಗೆ ನಾಚಿಕೆಯಾಯಿತು. ಓದಿದವರು ನೋಡುವಂಥದ್ದೇ ಇದು? "ಥೂ, ಇದನ್ನ ಹೆಂಗ ಕಳ್ಸೋದು? ಚೆಲ್ಲು. ಬಾಯಿ ಮುಕ್ಕಳಿಸಿ ತಿಳಿಯಾಗಿ ಉಗುಳು" ಎಂದೆ. ಡಬ್ಬಿಯನ್ನೂ ಸೋಪು ಹಾಕಿ ನಾನೇ ತೊಳೆದೆ, ನೆಂಟರಿಗೆ ಲೋಟ ತೊಳೆದುಕೊಟ್ಟ ಹಾಗೆ.

ವಾರದ ಮೇಲೆ ಉತ್ತರ ಬಂತು: ಬರೀ ಉಗುಳು, ಪರೀಕ್ಷೆಗೆ ಬರುವುದಿಲ್ಲ.

"ತೊಳೀರಿ ಅಂತ ಯಾರು ಹೇಳಿದ್ರು ನಿಮಗ? ನಮಗ ಬೇಕಾದ್ದೇ ಆ ಹೊಲಸು ನೋಡ್ರಿ" ಎಂದು ಮೇಡಂ ತಲೆ ಚಚ್ಚಿಕೊಂಡರು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ನನ್ನನ್ನು ನೋಡಿಯೇ ಕಟ್ಟಿದ ಗಾದೆಯಿರಬೇಕು. ಎರಡನೆಯ ಸಲ ಮುಚ್ಚಳ ಓರೆಯಾಗಿ ಹಾಕಿದವಳೂ ನಾನೇ. ಅದು ದಾರಿಯಲ್ಲಿ ಸೋರಿಹೋಯಿತು. ಅಷ್ಟರಲ್ಲಿ ತಂಗಿ ಮೆಟ್ಟಿಲು ಹತ್ತಲಾರದಷ್ಟು ಸೊರಗಿದ್ದಳು. ನನಗೆ ಹೆದರಿಕೆ ಹತ್ತಿತು.

"ಈ ಸಲ ನಾನೇ ಒಯ್ತೀನ್ರಿ" ಎಂದೆ. ನೀಲಿ ಎಳೆಯ ಸಮೇತ ಕಫ ಹಿಡಿದೆ. ಮೇಡಂ ಭದ್ರವಾಗಿ ಸುತ್ತಿ, ಐಸ್ ಇಟ್ಟ ಪೆಟ್ಟಿಗೆಯಲ್ಲಿ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ "ಪೈನ ಪೆಟ್ಟಮ್ಮಾ" ಎಂದು ತೆಲುಗಿನಲ್ಲಿ ಹೇಳಿ, ಮೇಲೆ ಸಾಮಾನು ಇಡುವ ಕಂಬಿ ತೋರಿಸಿದ. ಅನಂತಪುರ ಬರುವವರೆಗೂ ನಾನು ಅದನ್ನು ತೊಡೆಯಿಂದ ಇಳಿಸಲಿಲ್ಲ.

ಫಲಿತಾಂಶ ಬಂದ ದಿನ ಮೇಡಂ ಇಬ್ಬರನ್ನೂ ಕೂರಿಸಿ ಹೇಳಿದರು: "ನಿಮ್ಮ ತಂಗೀದು ಏನೂ ತಪ್ಪಿಲ್ರಿ. ಆ ಮಾತ್ರಿಗೆ ಈ ಕ್ರಿಮಿ ಬಗ್ಗಂಗಿಲ್ಲ, ಎಷ್ಟು ನುಂಗಿದ್ರೂ ಅಷ್ಟ. ಬ್ಯಾರೆ ಮಾತ್ರಿ ಅದಾವ, ಬಾಳ ತಿಂಗಳು ತಗೋಬೇಕು."

ತಂಗಿ ಎಷ್ಟು ತಿಂಗಳು ಎಂದು ಕೇಳಲಿಲ್ಲ. ನನ್ನ ಕಡೆ ತಿರುಗಿ, "ಈಗಾದ್ರೂ ನಂಬ್ತಿಯೇನಕ್ಕಾ?" ಎಂದಳು. ಅಲ್ಲೇ ಅತ್ತುಬಿಟ್ಟೆ.

ಹೊಸ ಮಾತ್ರೆಗೆ ಅವಳ ಹೊಟ್ಟೆ ತೊಳಸುತ್ತಿತ್ತು, ಕಿವಿ ಗುಂಯ್‌ಗುಟ್ಟುತ್ತಿತ್ತು. ಬಿಡಬಾರದು ಎಂದು ಇಬ್ಬರೂ ಹಟ ಹಿಡಿದೆವು. ಗುಣವಾಗಲು ವರ್ಷಕ್ಕೂ ಹೆಚ್ಚು ಹಿಡಿಯಿತು, ಗೆದ್ದೆವು. ಆದರೆ ನನಗೆ ನೆನಪಾಗುವುದು ಆ ಮಾತ್ರೆಯ ಮೊದಲ ಬೆಳಿಗ್ಗೆ. ನುಂಗಿದವಳೇ, ನಾನು ಕೇಳುವ ಮೊದಲೇ, ಅವಳು ಬಾಯಿ ತೆರೆದು ನಾಲಿಗೆ ಎತ್ತಿದಳು.

"ಬ್ಯಾಡವ್ವಾ" ಎಂದು, ತೆರೆದ ಬಾಯಿಗೆ ಬೆಲ್ಲದ ಚೂರು ಇಟ್ಟೆ.